‘ವಿಚ್ ಹಂಟ್’ ಅಂದ್ರೆ ಬರೀ ಸೇಡಲ್ಲ: ಇಂಗ್ಲಿಷಿನ ಮಾಟ-ಮಂತ್ರದ ಪದಗಳು ಎಲ್ಲಿಂದ ಬಂದವು?

ದೊಡ್ಡ ರಾಜಕಾರಣಿಯೊಬ್ಬರ ಮನೆಗೆ ಬೆಳಿಗ್ಗೆ ತನಿಖಾ ಸಂಸ್ಥೆಯವರು ಹೋದರೆ, ಸಂಜೆಯೊಳಗೆ ಟಿವಿ ಪರದೆ ಮೇಲೆ ಒಂದು ಇಂಗ್ಲಿಷ್ ಮಾತು ಬಂದೇ ಬರುತ್ತದೆ: ‘ವಿಚ್ ಹಂಟ್’, ಅಂದರೆ ಮಾಟಗಾತಿಯರ ಬೇಟೆ. ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ 2017ರಿಂದ ತಮ್ಮ ಮೇಲಿನ ಹೆಚ್ಚುಕಡಿಮೆ ಎಲ್ಲ ತನಿಖೆಗಳಿಗೂ ಇದೇ ಹೆಸರಿಟ್ಟರು. ನಮ್ಮಲ್ಲಿ ಇ.ಡಿ., ಸಿಬಿಐ ಸುದ್ದಿ ಬಂದಾಗ ಯಾವ ಪಕ್ಷ ವಿರೋಧದಲ್ಲಿದೆಯೋ ಆ ಪಕ್ಷ ಇದನ್ನು ಹೇಳುತ್ತದೆ. ಕನ್ನಡ ಪತ್ರಿಕೆಗಳು ‘ಸೇಡಿನ ರಾಜಕಾರಣ’ ಅಂತ ಬರೆದು ಮುಂದೆ ಹೋಗುತ್ತವೆ.

ಇನ್ನೊಂದು ಕಡೆ, ಜಾರ್ಖಂಡ್ ಅಥವಾ ಅಸ್ಸಾಮಿನ ಹಳ್ಳಿಯಲ್ಲಿ ಹೆಂಗಸೊಬ್ಬರನ್ನು ಮಾಟಗಾತಿ ಅಂತ ಕರೆದು ಊರವರೇ ಹೊಡೆದ ಸುದ್ದಿ ಬರುತ್ತದೆ. ಇಂಗ್ಲಿಷಿನಲ್ಲಿ ಅದೂ ‘ವಿಚ್ ಹಂಟ್’. ವಕೀಲರ ದಂಡು ಕಟ್ಟಿಕೊಂಡ ಮುಖಂಡರಿಗೂ ಆ ಹೆಂಗಸಿಗೂ ಒಂದೇ ಪದ!

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. 2024ರ ಮೇ ಕೊನೆಯಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್, ತಮ್ಮ ಮತ್ತು ಸಿದ್ದರಾಮಯ್ಯ ಅವರ ವಿರುದ್ಧ ಕೇರಳದಲ್ಲಿ ‘ಶತ್ರು ಭೈರವಿ ಯಾಗ’ ನಡೆದಿದೆ ಅಂತ ಹೇಳಿದರು. ಕೇರಳದ ಮಂತ್ರಿಗಳು ಅದನ್ನು ಅಲ್ಲಗಳೆದರು. ಆದರೆ ಕನ್ನಡದಲ್ಲಿ ‘ಯಾಗ’ ಆಗಿದ್ದದ್ದು ಇಂಗ್ಲಿಷ್ ತಲೆಬರಹಗಳಿಗೆ ಹೋಗುವಷ್ಟರಲ್ಲಿ ‘ಬ್ಲ್ಯಾಕ್ ಮ್ಯಾಜಿಕ್’ ಆಗಿತ್ತು. ಈ ಪದಗಳು ಸುಮ್ನೆ ಹುಟ್ಟಿದವಲ್ಲ. ಯಾರು ಯಾರಿಗೆ ಹೆದರುತ್ತಿದ್ದರು ಅನ್ನುವುದು ಅವುಗಳ ಒಳಗೇ ಇದೆ.

ಸೇಲಂನಲ್ಲಿ ನಡೆದದ್ದೇನು?

ಮೊದಲು ‘ವಿಚ್ ಹಂಟ್’ ತೆಗೆದುಕೊಳ್ಳೋಣ. ಅಮೆರಿಕದವರು ಈ ಮಾತು ಆಡುವಾಗ ಅವರ ತಲೆಯಲ್ಲಿ ಇರುವುದು ಮ್ಯಾಸಚೂಸೆಟ್ಸ್‌ನ ಸೇಲಂ, ವರ್ಷ 1692. ಆಗ ಅದು ಇಂಗ್ಲೆಂಡಿನ ವಸಾಹತು. ಕೆಲವು ಹುಡುಗಿಯರಿಗೆ ಮೈಮೇಲೆ ಬಂದ ಹಾಗೆ ಆಯಿತು. ಯಾರು ಮಾಡಿಸಿದ್ದು ಅಂತ ಕೇಳಿದಾಗ ಅವರು ಊರಿನವರ ಹೆಸರು ಹೇಳಿದರು. ಕೊನೆಗೆ 19 ಜನರನ್ನು ಗಲ್ಲಿಗೇರಿಸಿದರು: 14 ಹೆಂಗಸರು, 5 ಗಂಡಸರು. ಬಾಯಿಬಿಡದ ಗೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಸಾಯಿಸಿದರು.

ಇಲ್ಲಿ ನೋಡಬೇಕಾದದ್ದು ಸಾಕ್ಷಿಯ ವಿಚಾರ. ‘ಅವಳ ಆಕಾರ ರಾತ್ರಿ ನನ್ನ ಹಾಸಿಗೆ ಹತ್ತಿರ ಬಂದು ಕತ್ತು ಹಿಸುಕಿತು’ ಅಂತ ಯಾರಾದರೂ ಹೇಳಿದರೆ ಕೋರ್ಟು ಅದನ್ನು ಸಾಕ್ಷಿ ಅಂತ ಒಪ್ಪುತ್ತಿತ್ತು. ಆ ಹೊತ್ತಿನಲ್ಲಿ ಆಕೆ ತನ್ನ ಮನೆಯಲ್ಲಿ ಮಲಗಿದ್ದರೂ ಉಪಯೋಗವಿಲ್ಲ. ಬಂದಿದ್ದು ಆಕೆಯಲ್ಲ, ಆಕೆಯ ಆಕಾರ ತಾನೆ! ಅದಕ್ಕಿಂತ ವಿಚಿತ್ರ ಎಂದರೆ, ‘ಹೌದು, ನಾನು ಮಾಟಗಾತಿ’ ಅಂತ ಒಪ್ಪಿಕೊಂಡು ಇನ್ನಷ್ಟು ಹೆಸರು ಹೇಳಿದವರು ಬದುಕಿಕೊಂಡರು. ‘ಇಲ್ಲ’ ಅಂದವರು ಗಲ್ಲಿಗೆ ಹೋದರು. 1692ರ ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ವಿಶೇಷ ಕೋರ್ಟನ್ನೇ ಮುಚ್ಚಿಸಿದರು. ಮುಂದಿನ ವರ್ಷ ಬಂದ ಹೊಸ ಕೋರ್ಟು ಆಕಾರದ ಸಾಕ್ಷಿಯನ್ನು ಒಪ್ಪಲಿಲ್ಲ. ಹೆಚ್ಚಿನವರು ಬಿಡುಗಡೆಯಾದರು.

ಹಾಗಾಗಿ ‘ಸೇಡು’ ಅನ್ನುವ ಅನುವಾದದಲ್ಲಿ ಒಂದು ಮುಖ್ಯ ವಿಷಯ ಜಾರಿಹೋಗುತ್ತದೆ. ಸೇಡಿನಿಂದ ಹಾಕಿದ ಕೇಸಿನಲ್ಲೂ ತಪ್ಪು ನಿಜವಾಗಿ ನಡೆದಿರಬಹುದು. ವಿಚ್ ಹಂಟ್‌ನಲ್ಲಿ ಅಪರಾಧ ಅನ್ನುವುದೇ ಲೋಕದಲ್ಲಿ ಇಲ್ಲ, ಆದ್ದರಿಂದ ಅದನ್ನು ಮಾಡಿಲ್ಲ ಅಂತ ತೋರಿಸುವ ದಾರಿಯೂ ಇಲ್ಲ. 1950ರ ದಶಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಕಾಲದ ಕಮ್ಯುನಿಸ್ಟ್ ಬೇಟೆಗೆ ಈ ಹೆಸರು ಅಂಟಿಕೊಂಡದ್ದು ಇದಕ್ಕೇ. ಅಲ್ಲೂ ಬಚಾವಾಗುವ ದಾರಿ ಒಂದೇ ಇತ್ತು, ಇನ್ನೊಬ್ಬರ ಹೆಸರು ಹೇಳುವುದು. ಬ್ಯಾಂಕ್ ಖಾತೆ, ಜಮೀನು ಪತ್ರ, ಸಹಿ ಇರುವ ಕಡತಗಳ ಮೇಲೆ ನಡೆಯುವ ತನಿಖೆಯಲ್ಲಿ ಪಕ್ಷಪಾತ ಇರಬಹುದು, ದ್ವೇಷವೂ ಇರಬಹುದು. ಅದನ್ನು ವಿಚ್ ಹಂಟ್ ಅನ್ನುವುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

‘ವಿಚ್’ ಅಂದ್ರೆ ಜ್ಞಾನಿ, ನಿಜವಾ?

ಪ್ರತಿ ಅಕ್ಟೋಬರ್ ಕೊನೆಗೆ, ಹ್ಯಾಲೋವೀನ್ ಹೊತ್ತಿಗೆ, ಮೊಬೈಲಿನಲ್ಲಿ ಒಂದು ಮಾತು ಓಡಾಡುತ್ತದೆ. ‘ವಿಚ್’ ಅಂದರೆ ಮೂಲದಲ್ಲಿ ಜ್ಞಾನಿ ಹೆಂಗಸು, ಗಂಡಸರು ಅದನ್ನು ಬೈಗುಳ ಮಾಡಿದರು ಅಂತ. ಕೇಳಲು ಚೆನ್ನಾಗಿದೆ. ಆದರೆ ಭಾಷಾತಜ್ಞರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಗಂಡಸಿಗೆ ‘ವಿಚ್ಚ’, ಹೆಂಗಸಿಗೆ ‘ವಿಚ್ಚೆ’ ಅಂತ ಎರಡು ರೂಪ ಇದ್ದವು. 9ನೇ ಶತಮಾನದ ಕೊನೆಯ ಆಲ್ಫ್ರೆಡ್ ದೊರೆಯ ಕಾನೂನಿನಲ್ಲೇ ಈ ಪದ ಇದೆ, ಅಲ್ಲೂ ಶಿಕ್ಷೆಯ ಮಾತಿನ ಜೊತೆಗೇ. ಅದರ ಹಿಂದಿನ ಬೇರಿನ ಬಗ್ಗೆ ಒಮ್ಮತವಿಲ್ಲ. ಶಕುನ ನೋಡುವುದಕ್ಕೆ ಸಂಬಂಧಿಸಿದ ಪದ ಅಂತ ಕೆಲವರು, ‘ಪವಿತ್ರ’ ಅನ್ನುವ ಅರ್ಥದ ಬೇರು ಅಂತ ಕೆಲವರು, ಸತ್ತವರನ್ನು ಎಬ್ಬಿಸುವವನು ಅಂತ ಇನ್ನು ಕೆಲವರು. ‘ವೈಸ್’ ಪದಕ್ಕೂ ಇದಕ್ಕೂ ಧ್ವನಿಯ ನಿಯಮ ಹೊಂದುವುದಿಲ್ಲ.

ಜ್ಞಾನದಿಂದ ಹುಟ್ಟಿದ ಪದ ಬೇರೆಯೇ ಇದೆ, ‘ವಿಝರ್ಡ್’. ‘ವೈಸ್’ಗೆ ‘ಆರ್ಡ್’ ಸೇರಿ ಆದದ್ದು. 15ನೇ ಶತಮಾನದಲ್ಲಿ ಇದರ ಅರ್ಥ ಬರೀ ತಿಳಿದವನು, ತತ್ವಜ್ಞಾನಿ. ಮಾಟದ ಅರ್ಥ ಬಂದದ್ದು ಸುಮಾರು ನೂರು ವರ್ಷ ಆದ ಮೇಲೆ. ‘ವೈಸ್’ ಪದದ ಬೇರು ನಮಗೆ ಸಂಸ್ಕೃತದಿಂದ ಬಂದ ವೇದ, ವಿದ್ಯೆ, ವಿದ್ವಾಂಸ ಪದಗಳ ಬೇರೇ. ಅಂದರೆ ವಿಝರ್ಡ್ ನಮ್ಮ ವಿದ್ವಾಂಸರ ದೂರದ ನೆಂಟ. ಆದರೆ ‘ಆರ್ಡ್’ ಅನ್ನುವ ಬಾಲ ಸ್ವಲ್ಪ ಕುಹಕದ್ದು. ಕುಡುಕನಿಗೆ ‘ಡ್ರಂಕರ್ಡ್’, ಹೇಡಿಗೆ ‘ಕವರ್ಡ್’ ಅನ್ನುವಾಗ ಇರುವುದೂ ಅದೇ ಬಾಲ. ಹಾಗಾಗಿ ಮೊದಲಿನ ಧಾಟಿ ‘ಮಹಾ ಬುದ್ಧಿವಂತ ಬಂದ ನೋಡು’ ಅನ್ನುವಂತೆ ಇದ್ದಿರಬೇಕು.

ಆಮೇಲೆ ಎರಡೂ ಪದಗಳ ಹಣೆಬರಹ ಬೇರೆಯಾಯಿತು. ‘ವಿಝರ್ಡ್’ ಹೊಗಳಿಕೆಯಾಯಿತು. ಧ್ಯಾನ್ ಚಂದ್ ಅವರನ್ನು ಇಂಗ್ಲಿಷಿನವರು ಹಾಗೇ ಕರೆದರು. ಕಂಪ್ಯೂಟರಿನಲ್ಲಿ ತಂತ್ರಾಂಶ ಹಾಕಿಕೊಡುವ ಕಿಟಕಿಗೂ ಅದೇ ಹೆಸರು. ‘ವಿಚ್’ ಮಾತ್ರ ಹೆಂಗಸಿನ ಮೇಲಿನ ಬೈಗುಳವಾಗಿ ಉಳಿಯಿತು. ಕನ್ನಡವೂ ಏನೂ ಕಡಿಮೆಯಿಲ್ಲ. ನಾವು ‘ಹಾಕಿ ಮಾಂತ್ರಿಕ’, ‘ಸ್ಪಿನ್ ಮಾಂತ್ರಿಕ’ ಅಂತ ತಲೆಬರಹ ಕೊಡುತ್ತೇವೆ. ಯಾವ ಆಟಗಾರ್ತಿಯನ್ನಾದರೂ ‘ಬ್ಯಾಡ್ಮಿಂಟನ್ ಮಾಟಗಾತಿ’ ಅಂತ ಹೊಗಳುತ್ತೇವಾ?

ಒಂದು ಅನುವಾದ, ಸಾವಿರಾರು ಜೀವ

ಈ ಹಣೆಬರಹದ ಹಿಂದೆ ಬೈಬಲಿನ ಒಂದು ಸಾಲೂ ಇದೆ. 1611ರ ಇಂಗ್ಲಿಷ್ ಬೈಬಲ್ ಪ್ರಕಾರ ‘ವಿಚ್’ ಬದುಕಿರಲು ಬಿಡಬಾರದು. ಅಲ್ಲಿರುವ ಹೀಬ್ರೂ ಪದವನ್ನು ಅದಕ್ಕೆ ಎಷ್ಟೋ ಶತಮಾನ ಮೊದಲೇ ಗ್ರೀಕಿಗೆ ತಂದವರು ‘ಫಾರ್ಮಕೋನ್’ ಜಾತಿಗೆ ಸೇರಿದ ಪದ ಬಳಸಿದ್ದರು. ಇಂದಿನ ‘ಫಾರ್ಮಸಿ’ ಹುಟ್ಟಿದ್ದು ಅಲ್ಲಿಂದಲೇ. ಗ್ರೀಕಿನಲ್ಲಿ ಅದಕ್ಕೆ ಔಷಧಿ, ವಿಷ, ಮಾಟ ಮೂರೂ ಅರ್ಥ. ಇದು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಜ್ವರಕ್ಕೂ ಮದ್ದು ಕೊಡುತ್ತಾರೆ, ಆಗದವರು ಊಟದಲ್ಲಿ ‘ಮದ್ದು ಹಾಕುತ್ತಾರೆ’ ಅಂತಲೂ ನಂಬುತ್ತಾರೆ.

1584ರಲ್ಲೇ ರೆಜಿನಾಲ್ಡ್ ಸ್ಕಾಟ್ ಎಂಬ ಇಂಗ್ಲಿಷ್ ಬರಹಗಾರ, ಆ ಸಾಲಿನಲ್ಲಿರುವುದು ವಿಷ ಹಾಕುವವರ ಮಾತು, ಹಳ್ಳಿಯ ಬಡ ಮುದುಕಿಯರ ಮಾತಲ್ಲ ಅಂತ ವಾದಿಸಿದ್ದ. ಎದುರಿಗೆ ನಿಂತವನು ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್. ಮಾಟಗಾತಿಯರು ನಿಜವಾಗಿ ಇದ್ದಾರೆ, ಶಿಕ್ಷಿಸಬೇಕು ಅಂತ 1597ರಲ್ಲಿ ಪುಸ್ತಕವನ್ನೇ ಬರೆದ. ಮುಂದೆ ಇಂಗ್ಲೆಂಡಿನ ಪಟ್ಟವೂ ಅವನಿಗೆ ಸಿಕ್ಕಿತು. 1611ರ ಬೈಬಲ್ ಅನುವಾದ ನಡೆದದ್ದು ಅವನ ಅಪ್ಪಣೆಯಿಂದಲೇ. ಯುರೋಪಿನಲ್ಲಿ ಮಾಟದ ಆರೋಪಕ್ಕೆ ಸತ್ತವರು ಸುಮಾರು 40,000ದಿಂದ 60,000 ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅಷ್ಟಕ್ಕೂ ಒಂದು ಪದವೇ ಕಾರಣ ಅನ್ನುವಂತಿಲ್ಲ. ಜಗಳ, ಬರಗಾಲ, ಧರ್ಮಯುದ್ಧ ಎಲ್ಲ ಇದ್ದವು. ಆದರೆ ನ್ಯಾಯಾಧೀಶನ ಕೈಗೆ ದೇವರ ಮಾತು ಅಂತ ಸಿಕ್ಕಿದ್ದು ಆ ಸಾಲು.

ಗ್ರಾಮರ್‌ನ ಮಗಳು ಗ್ಲಾಮರ್

ಕನ್ನಡ ಸಿನಿಮಾ ಪುಟಗಳಲ್ಲಿ ‘ಗ್ಲಾಮರ್’ ಇಲ್ಲದ ದಿನವಿಲ್ಲ. ಶಾಲೆಯಲ್ಲಿ ‘ಗ್ರಾಮರ್’ ಅಂದರೆ ಮಕ್ಕಳು ಓಡಿಹೋಗುತ್ತಾರೆ. ಇವೆರಡೂ ಒಂದೇ ಪದ ಅಂದರೆ ನಂಬುವುದು ಕಷ್ಟ, ಅಲ್ವಾ?

ಮಧ್ಯಯುಗದ ಯುರೋಪಿನಲ್ಲಿ ಗ್ರಾಮರ್ ಅಂದರೆ ಲ್ಯಾಟಿನ್, ಲ್ಯಾಟಿನ್ ಅಂದರೆ ಓದು. ಓದು ಬರುತ್ತಿದ್ದದ್ದು ಪಾದ್ರಿಗಳಿಗೆ, ಪಂಡಿತರಿಗೆ ಅಷ್ಟೇ. ಉಳಿದವರ ಕಣ್ಣಿಗೆ ಪುಸ್ತಕ ಹಿಡಿದವನು ಏನೋ ಮಾಡುತ್ತಾನೆ. ಗೀಚಿದ ಗೆರೆ ನೋಡಿ ದೂರದವರ ಮಾತು ಹೇಳುತ್ತಾನೆ, ಗ್ರಹಣ ಯಾವಾಗ ಅಂತ ಹೇಳುತ್ತಾನೆ. ಇದು ಮಾಟವಲ್ಲದೆ ಇನ್ನೇನು! ಹಾಗೆ ‘ಗ್ರಾಮರ್’ಗೆ ಗುಪ್ತವಿದ್ಯೆ ಅನ್ನುವ ಅರ್ಥವೂ ಸೇರಿತು. ಫ್ರೆಂಚರು ಅದೇ ಪದದಿಂದ ಮಂತ್ರದ ಹೊತ್ತಿಗೆಗೆ ‘ಗ್ರಿಮ್ವಾರ್’ ಅಂದರು. ಸ್ಕಾಟ್ಲೆಂಡಿನ ಜನರ ನಾಲಿಗೆಯಲ್ಲಿ ‘ರ’ ಹೋಗಿ ‘ಲ’ ಬಂತು, ‘ಗ್ಲಾಮರ್’ ಆಯಿತು. ಅಲ್ಲಿ ಅದರ ಅರ್ಥ ಕಣ್ಕಟ್ಟು, ಇದ್ದದ್ದನ್ನು ಇಲ್ಲದ ಹಾಗೆ ಕಾಣಿಸುವ ಮಂಕುಬೂದಿ. 18ನೇ ಶತಮಾನದ ಸ್ಕಾಟ್ಸ್ ಹಾಡುಗಳಲ್ಲಿ ಅದು ಇತ್ತು. 19ನೇ ಶತಮಾನದ ಮೊದಲಲ್ಲಿ ವಾಲ್ಟರ್ ಸ್ಕಾಟ್ ತಮ್ಮ ಕಾವ್ಯದಲ್ಲಿ ಬಳಸಿ ಇಂಗ್ಲಿಷ್ ಓದುಗರಿಗೆಲ್ಲ ಮುಟ್ಟಿಸಿದರು. ಆಮೇಲೆ ಹಾಲಿವುಡ್ ಬಂದು ಮಾಟವನ್ನು ಬಿಟ್ಟು ಸೊಗಸನ್ನು ಮಾತ್ರ ಇಟ್ಟುಕೊಂಡಿತು.

ಕನ್ನಡದ ‘ಮೋಡಿ’ ಇದೇ ದಾರಿಯಲ್ಲಿ ನಡೆದಿದೆ. ಮೋಡಿ ಅಂದರೆ ಮಾಟ, ಕಣ್ಕಟ್ಟು. ಈಗ ಗಾಯಕರೊಬ್ಬರು ‘ಮೋಡಿ ಮಾಡಿದರು’ ಅಂದರೆ ಯಾರೂ ನಿಂಬೆಹಣ್ಣು ಹುಡುಕುವುದಿಲ್ಲ.

ಬಾಯಲ್ಲಿ ಹುಟ್ಟಿದ ಮಾಟ

ಓದಿನಷ್ಟೇ ಮಾತಿಗೂ ಜನ ಹೆದರುತ್ತಿದ್ದರು. ಮೋಡಿ ಅನ್ನುವ ಅರ್ಥದ ‘ಚಾರ್ಮ್’ ಬಂದದ್ದು ಲ್ಯಾಟಿನ್ನಿನ ‘ಕಾರ್ಮೆನ್’ನಿಂದ, ಅಂದರೆ ಹಾಡು. ‘ಎನ್‌ಚಾಂಟ್’ (ಮರುಳು ಮಾಡು) ಅನ್ನುವುದರ ಒಳಗೂ ಹಾಡುವುದೇ ಇದೆ. ಸುಮಾರು ಕ್ರಿ.ಪೂ. 450ರ ರೋಮನ್ನರ ಹನ್ನೆರಡು ಫಲಕಗಳ ಕಾನೂನು ‘ಕೆಟ್ಟ ಹಾಡು’ ಹಾಡುವುದನ್ನು ನಿಷೇಧಿಸಿತ್ತು. ರಾಗ ಕೆಟ್ಟದ್ದು ಅಂತಲ್ಲ, ಕೇಡು ಮಾಡುವ ಮಂತ್ರ ಅಂತ.

ಈಗ ಮಂತ್ರ ಅನ್ನುವ ಅರ್ಥದ ‘ಸ್ಪೆಲ್’ ಹಳೆಯ ಇಂಗ್ಲಿಷಿನಲ್ಲಿ ಬರೀ ಕತೆ, ಮಾತು. ‘ಗಾಸ್ಪೆಲ್’ ಅಂದರೆ ‘ಒಳ್ಳೆಯ ಸ್ಪೆಲ್’, ಶುಭವಾರ್ತೆ. ಪಾದ್ರಿ ಹೇಳಿದರೆ ಸುವಾರ್ತೆ, ಹಳ್ಳಿಯ ಮುದುಕಿ ಹೇಳಿದರೆ ಮಾಟ. ಒಂದು ಎಚ್ಚರಿಕೆ: ಕ್ರಿಕೆಟ್ಟಿನ ‘ಸ್ಪೆಲ್’ ಇದಲ್ಲ. ಅದು ‘ಇನ್ನೊಬ್ಬರ ಬದಲಿಗೆ ನಿಲ್ಲುವುದು’ ಅನ್ನುವ ಬೇರೆ ಪದದಿಂದ ಬಂದದ್ದು, ಸರದಿ ಅಂತ ಅರ್ಥ. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಅನಿಲ್ ಕುಂಬ್ಳೆ ವಿಷಯದಲ್ಲಿ ಮಾತ್ರ ಎರಡೂ ಅರ್ಥ ಸಲ್ಲುತ್ತದೆ ಅಂದರೆ ಭಾಷಾತಜ್ಞರೂ ಸುಮ್ಮನಿರಬಹುದು.

ಮೊಬೈಲಿನಲ್ಲಿ ಓಡಾಡುವ ಇನ್ನೊಂದು ಮಾತು ‘ಅಬ್ರಕದಬ್ರ’ದ ಬಗ್ಗೆ. ಅದು ಅರಮಾಯಿಕ್ ಭಾಷೆಯದು, ‘ನಾನು ನುಡಿದಂತೆ ಸೃಷ್ಟಿಸುತ್ತೇನೆ’ ಅಂತ ಅರ್ಥ ಅನ್ನುತ್ತಾರೆ. ಹಳೆಯ ಆಧಾರ ಏನೂ ಇಲ್ಲ. ಆ ಪದ ಮೊದಲು ಸಿಗುವುದು ರೋಮಿನ ಸೆರೇನಸ್ ಸಮ್ಮೋನಿಕಸ್‌ನ ವೈದ್ಯದ ಪದ್ಯಗಳಲ್ಲಿ. ಮಲೇರಿಯಾದಂಥ ಜ್ವರಕ್ಕೆ ಅದನ್ನು ಪ್ರತಿ ಸಾಲಿಗೂ ಒಂದಕ್ಷರ ಕಡಿಮೆ ಮಾಡುತ್ತ ತ್ರಿಕೋನವಾಗಿ ಬರೆದು ಕತ್ತಿಗೆ ಕಟ್ಟಿಕೊಳ್ಳಿ ಅಂತ ಅವನು ಹೇಳಿದ. ಅಕ್ಷರ ಕರಗಿದಂತೆ ಜ್ವರವೂ ಕರಗಲಿ ಅಂತ. ನಮ್ಮ ತಾಯತವೇ. ಅದಕ್ಕೆ ಅರ್ಥ ಬೇಕಾಗಿಯೇ ಇರಲಿಲ್ಲ.

ಪಕ್ಕದವರ ಪೂಜೆ

‘ಮ್ಯಾಜಿಕ್’ ಪದದ ಒಳಗೆ ಕೂತಿರುವವನು ಒಬ್ಬ ಅರ್ಚಕ. ಹಳೆಯ ಪರ್ಷಿಯನ್ನಿನಲ್ಲಿ ‘ಮಗು’ ಅಂದರೆ ಪೂಜಾರಿ ವರ್ಗದವನು (ನಮ್ಮ ಮಗುವಿಗೂ ಇದಕ್ಕೂ ಸಂಬಂಧವಿಲ್ಲ). ಗ್ರೀಕರಿಗೆ ಪರ್ಷಿಯಾ ದೊಡ್ಡ ಶತ್ರು. ಶತ್ರುವಿನ ಪೂಜಾರಿ ಬೆಂಕಿಯ ಮುಂದೆ ಅರ್ಥವಾಗದ ಭಾಷೆಯಲ್ಲಿ ಗುನುಗಿದರೆ ಅದು ಪೂಜೆ ಹೇಗಾದೀತು? ‘ಮಾಗೋಸ್’ ಮಾಡುವ ಕೆಲಸ ‘ಮಾಗಿಯ’ ಆಯಿತು, ಲ್ಯಾಟಿನ್, ಫ್ರೆಂಚ್ ದಾಟಿ ‘ಮ್ಯಾಜಿಕ್’ ಆಯಿತು. ಅದೇ ಬೇರಿನಿಂದ ಬಂದ ‘ಮೊಬೆದ್’ ಪದವನ್ನು ಪಾರ್ಸಿಗಳು ಇಂದಿಗೂ ತಮ್ಮ ಪುರೋಹಿತರಿಗೆ ಬಳಸುತ್ತಾರೆ. ಒಂದು ಕವಲು ಮುಂಬೈನ ಅಗ್ನಿಮಂದಿರದಲ್ಲಿದೆ, ಇನ್ನೊಂದು ಟೋಪಿಯಿಂದ ಮೊಲ ತೆಗೆಯುವವನ ಹತ್ತಿರ.

ಎರಡು ಸಾವಿರ ವರ್ಷ ಆದ ಮೇಲೆ ಯುರೋಪಿನವರು ಇದನ್ನೇ ಆಫ್ರಿಕಾದ ಜನರಿಗೆ ಮಾಡಿದರು. ಪಶ್ಚಿಮ ಆಫ್ರಿಕಾದ ‘ವೊಡುನ್’ ಅಂದರೆ ದೈವ. ಬೆನಿನ್ ದೇಶದಲ್ಲಿ ಜನವರಿಯಲ್ಲಿ ಆ ಧರ್ಮದ ಹಬ್ಬ, ಸರ್ಕಾರಿ ರಜೆ. ಇಂಗ್ಲಿಷಿನಲ್ಲಿ ಅದು ‘ವೂಡೂ’, ಗೊಂಬೆಗೆ ಸೂಜಿ ಚುಚ್ಚುವ ಕೆಲಸ. 1980ರಲ್ಲಿ ಜಾರ್ಜ್ ಬುಷ್ ಸೀನಿಯರ್ ತಮ್ಮ ಎದುರಾಳಿ ರೇಗನ್ ಅವರ ಆರ್ಥಿಕ ನೀತಿಯನ್ನು ‘ವೂಡೂ ಎಕನಾಮಿಕ್ಸ್’ ಅಂತ ಹೀಯಾಳಿಸಿದ್ದು ಪ್ರಸಿದ್ಧ. ‘ಝಾಂಬಿ’ ಕೂಡ ಆಫ್ರಿಕಾ ಮೂಲದ್ದು, ಬೆಳೆದದ್ದು ಹೈಟಿಯ ಕಬ್ಬಿನ ತೋಟಗಳಲ್ಲಿ. ಅಲ್ಲಿನ ಗುಲಾಮರಿಗೆ ಝಾಂಬಿ ತಮ್ಮನ್ನು ತಿನ್ನುತ್ತದೆ ಅನ್ನುವ ಭಯ ಇರಲಿಲ್ಲ. ತಾವೇ ಝಾಂಬಿ ಆಗಿಬಿಟ್ಟರೆ? ಸತ್ತ ಮೇಲೂ ಒಡೆಯನಿಗೆ ದುಡಿಯಬೇಕಾದರೆ? ಅದು ಅವರ ಭಯ. ಸಿನಿಮಾದ ಝಾಂಬಿಗಳಲ್ಲಿ ಈ ಭಾಗ ಕಾಣೆಯಾಗಿದೆ.

ಮ್ಯಾಜಿಕ್‌ಗೆ ಕಪ್ಪು ಬಣ್ಣ ಬಳಿದವರು ಯಾರು?

ಗ್ರೀಕಿನಲ್ಲಿ ‘ನೆಕ್ರೋಸ್’ ಅಂದರೆ ಹೆಣ. ಸತ್ತವರನ್ನು ಕರೆದು ಭವಿಷ್ಯ ಕೇಳುವುದು ‘ನೆಕ್ರೊಮಾನ್ಸಿ’. ಮಧ್ಯಯುಗದ ಲ್ಯಾಟಿನ್ ಬರಹಗಾರರು ಅದನ್ನು ‘ನಿಗ್ರೊಮಾನ್ಸಿ’ ಅಂತ ಬರೆಯತೊಡಗಿದರು. ಲ್ಯಾಟಿನ್ನಿನಲ್ಲಿ ‘ನಿಗರ್’ ಅಂದರೆ ಕಪ್ಪು. ಹೆಣದ ವಿದ್ಯೆ ಹೀಗೆ ಕಪ್ಪು ವಿದ್ಯೆಯಾಯಿತು. ‘ಬ್ಲ್ಯಾಕ್ ಆರ್ಟ್’, ‘ಬ್ಲ್ಯಾಕ್ ಮ್ಯಾಜಿಕ್’ ಮಾತುಗಳಿಗೆ ಬಲ ಸಿಕ್ಕಿದ್ದು ಈ ತಪ್ಪು ಕಾಗುಣಿತದಿಂದ ಅನ್ನುತ್ತಾರೆ ತಿಳಿದವರು.

ಆ ಮಾತು ಇಂದು ನಮ್ಮ ರಾಜ್ಯದ ಕಾಯ್ದೆಯೊಂದರ ಇಂಗ್ಲಿಷ್ ಹೆಸರಿನಲ್ಲೇ ಇದೆ. ನಾವು ‘ಮೌಢ್ಯ ನಿಷೇಧ ಕಾಯ್ದೆ’ ಅನ್ನುತ್ತೇವಲ್ಲ, ಅದೇ. 2017ರಲ್ಲಿ ವಿಧಾನಮಂಡಲ ಒಪ್ಪಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಶಿಕ್ಷೆ 1ರಿಂದ 7 ವರ್ಷ ಜೈಲು. ಇಲ್ಲಿ ಕಾನೂನು ಬರೆದವರು ಜಾಣತನ ತೋರಿಸಿದ್ದಾರೆ. ‘ಬ್ಲ್ಯಾಕ್ ಮ್ಯಾಜಿಕ್ ಅಂದರೆ ಏನು’ ಅನ್ನುವ ಚರ್ಚೆಗೆ ಹೋಗದೆ, ಯಾವ ಯಾವ ಕೆಲಸ ಅಪರಾಧ ಅಂತ ಪಟ್ಟಿ ಕೊಟ್ಟಿದ್ದಾರೆ. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನ, ಬೆತ್ತಲೆ ಸೇವೆಯಂಥವು ಅದರಲ್ಲಿವೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ ಹೊರಗಿವೆ. ಜ್ಯೋತಿಷ್ಯ, ವಾಸ್ತು ಸಲಹೆಗಳೂ ಹೊರಗಿವೆ, ವಿಚಾರವಾದಿಗಳಿಗೆ ಅಸಮಾಧಾನ ಇರುವುದು ಅಲ್ಲೇ. ನಂಬಿಕೆಯ ಒಳಗೆ ಸರ್ಕಾರ ಕೈ ಹಾಕುವುದೇ ತಪ್ಪು ಅನ್ನುವವರು ಇನ್ನೊಂದು ಕಡೆ.

ಕನ್ನಡ ಸುದ್ದಿಗಳಲ್ಲಿ ಮಾತ್ರ ಪದಕ್ಕೆ ಇಂಥ ಬೇಲಿಯಿಲ್ಲ. ದಾರಿ ಕೂಡುವಲ್ಲಿ ಕುಂಕುಮ, ನಿಂಬೆಹಣ್ಣು ಕಂಡರೆ ‘ವಾಮಾಚಾರ ಶಂಕೆ’ ಅಂತ ತಲೆಬರಹ ಸಿದ್ಧ. ವಾಮ ಅಂದರೆ ಎಡ. ವಾಮಾಚಾರ ತಂತ್ರಮಾರ್ಗದ ಒಂದು ಕವಲಿನ ಹೆಸರು, ಅದಕ್ಕೆ ಅದರದೇ ಶಾಸ್ತ್ರ ಇದೆ. ಕೇಡಿನ ಸೂಚನೆ ಅನ್ನುವ ಅರ್ಥದ ಇಂಗ್ಲಿಷಿನ ‘ಸಿನಿಸ್ಟರ್’ ಕೂಡ ಲ್ಯಾಟಿನ್ನಿನಲ್ಲಿ ಎಡವೇ! ಒಂದು ಪಂಥದ ಹೆಸರು ಕೇಡಿನ ಹೆಸರಾದ ರೀತಿ ‘ಮ್ಯಾಜಿಕ್’ ಕತೆಗಿಂತ ಬೇರೆಯೇನಲ್ಲ.

ಕ್ಷಮೆಯೋ, ದೋಷಮುಕ್ತಿಯೋ?

ಬ್ರಿಟನ್ ಈ ತೊಡಕಿನಿಂದ ಹೊರಬರಲು 1735ರಲ್ಲಿ ಒಂದು ದಾರಿ ಹುಡುಕಿತು. ಹೊಸ ಕಾಯ್ದೆ ಮಾಟವನ್ನು ಅಪರಾಧ ಅನ್ನಲಿಲ್ಲ. ‘ನನಗೆ ಮಾಟ ಬರುತ್ತದೆ’ ಅಂತ ಹೇಳಿಕೊಳ್ಳುವುದನ್ನು ಅಪರಾಧ ಅಂದಿತು. ಪದ ಅದೇ, ಅರ್ಥ ತಲೆಕೆಳಗು. 1944ರಲ್ಲಿ ಸತ್ತವರ ಜೊತೆ ಮಾತಾಡಿಸುತ್ತೇನೆ ಅನ್ನುತ್ತಿದ್ದ ಹೆಲೆನ್ ಡಂಕನ್ ಜೈಲಿಗೆ ಹೋದದ್ದು ಈ ಕಾಯ್ದೆಯಡಿ. 1951ರಲ್ಲಿ ಅದೂ ರದ್ದಾಯಿತು.

ಹಳೆಯ ಲೆಕ್ಕ ಹಾಗೇ ಉಳಿದಿತ್ತು. ಸ್ಕಾಟ್ಲೆಂಡಿನಲ್ಲಿ 1563ರ ಕಾಯ್ದೆಯಡಿ ಸುಮಾರು 2,500 ಜನ ಸತ್ತಿದ್ದಾರೆ ಅನ್ನುವ ಅಂದಾಜಿದೆ. 2022ರ ಮಾರ್ಚ್ 8ರಂದು ಅಲ್ಲಿನ ಸರ್ಕಾರದ ಆಗಿನ ಮುಖ್ಯಸ್ಥೆ (ಫಸ್ಟ್ ಮಿನಿಸ್ಟರ್) ನಿಕೋಲಾ ಸ್ಟರ್ಜನ್ ಸಂಸತ್ತಿನಲ್ಲಿ ಅವರೆಲ್ಲರ ಕ್ಷಮೆ ಕೇಳಿದರು. ಅಮೆರಿಕದ ಕನೆಕ್ಟಿಕಟ್ ರಾಜ್ಯ 2023ರ ಮೇ ತಿಂಗಳಲ್ಲಿ 12 ಜನರನ್ನು ದೋಷಮುಕ್ತರು ಅಂತ ಘೋಷಿಸಿತು. ಸತ್ತು ಮುನ್ನೂರು ವರ್ಷ ಆದವರಿಗೆ ಇದರಿಂದ ಏನು ಲಾಭ ಅಂತ ಕೇಳುವವರಿದ್ದಾರೆ. ಇಂದಿಗೂ ಹೆಂಗಸರು ಈ ಹಣೆಪಟ್ಟಿಗೆ ಸಾಯುತ್ತಿರುವ ಜಾಗಗಳಿವೆ ಅನ್ನುವುದು ಎದುರಿನ ವಾದ. ಜಾರ್ಖಂಡ್‌ನಲ್ಲಿ 2001ರಿಂದ ಇದಕ್ಕೆ ಕಾಯ್ದೆ ಇದೆ. ಮಾಟಗಾತಿ ಅಂತ ಊರವರಿಂದ ಹಿಂಸೆ ಉಂಡು, ಆಮೇಲೆ ಬೇರೆ ಹೆಂಗಸರನ್ನು ಕಾಪಾಡಿದ ಅಲ್ಲಿನ ಛುಟ್ನಿ ಮಹತೋ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಪದದ ಜಗಳ ಇಲ್ಲೂ ಬಿಟ್ಟಿಲ್ಲ. ‘ಪಾರ್ಡನ್’ ಅಂದರೆ ತಪ್ಪು ಮಾಡಿದ್ದೀರಿ, ಬಿಟ್ಟಿದ್ದೇವೆ ಅಂತ ಆಗುತ್ತದೆ. ಮಾಡದ ತಪ್ಪಿಗೆ ಕ್ಷಮೆ ಯಾಕೆ? ಅದಕ್ಕೇ ‘ಎಕ್ಸಾನರೇಟ್’, ಅಂದರೆ ದೋಷಮುಕ್ತಿ, ಅನ್ನಿ ಅಂತ ಹಲವರ ಒತ್ತಾಯ. ಸೇಲಂ ಕೇಸುಗಳಲ್ಲಿ ಶಿಕ್ಷೆಗೊಳಗಾದವರ ಹೆಸರು ತೊಳೆಯುವ ಕೆಲಸ 1711ರಲ್ಲಿ ಶುರುವಾಯಿತು. 1957ರಲ್ಲಿ ಒಂದಿಷ್ಟು, 2001ರಲ್ಲಿ ಇನ್ನೊಂದಿಷ್ಟು ಆಯಿತು. ಎಲಿಜಬೆತ್ ಜಾನ್ಸನ್ ಜೂನಿಯರ್ ಎಂಬಾಕೆಯ ಹೆಸರು ಮಾತ್ರ ಪ್ರತಿ ಸಲ ಬಿಟ್ಟುಹೋಯಿತು. 1693ರಲ್ಲಿ ಆಕೆಗೆ ಮರಣದಂಡನೆ ಆಗಿತ್ತು, ಜಾರಿಯಾಗಲಿಲ್ಲ. ಮಕ್ಕಳಿರಲಿಲ್ಲ, ಹಾಗಾಗಿ ಆಕೆಯ ಪರವಾಗಿ ಅರ್ಜಿ ಹಾಕುವ ವಂಶದವರೂ ಇರಲಿಲ್ಲ. ನಾರ್ತ್ ಆಂಡೋವರ್ ಎಂಬ ಊರಿನ ಎಂಟನೇ ತರಗತಿ ಮಕ್ಕಳು ಪಾಠದ ಭಾಗವಾಗಿ ಆ ಕೇಸು ಹಿಡಿದು ಶಾಸಕರ ಬೆನ್ನುಬಿದ್ದರು. 2022ರ ಜುಲೈನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬಜೆಟ್ ಮಸೂದೆಯ ಒಳಗೆ, ಕೋಟ್ಯಂತರ ಡಾಲರ್ ಲೆಕ್ಕಗಳ ನಡುವೆ, ಆಕೆಯ ಹೆಸರನ್ನು ಸೇರಿಸಿದರು.